ತುಂಗಾಬಾಯಿ ತಬಲಾ ಕಲಿತದ್ದು

"ಅಕ್ಕಾ, ಗೆಳತಿಯೊಬ್ಬಳು ತನಗಾದ ಕೇಡನ್ನು ನನ್ನ ಹತ್ತಿರ ಹೇಳಿ, ಯಾರಿಗೂ ಹೇಳಬೇಡ ಅಂದಿದ್ದಾಳೆ. ಕೇಡು ಮಾಡಿದವನು ಹೆಸರಾದ ಗಾಯಕ. ನಾನು ಸುಮ್ಮನಿದ್ದರೆ ಅವನ ತಪ್ಪನ್ನು ನಾನೇ ಮುಚ್ಚಿಟ್ಟ ಹಾಗಲ್ಲವೇ?"

ಹೀಗೆ ಕೇಳಿದವಳು ಕಸ್ತೂರಿ. ವತ್ಸಲಕ್ಕನ ಬಳಿ ಹಾಡು ಕಲಿಯುತ್ತಿದ್ದ ಶಿಷ್ಯೆ. ಪಾಠ ಮುಗಿದು ಉಳಿದವರೆಲ್ಲ ಹೊರಟುಹೋದರೂ ಅವಳು ಎದ್ದಿರಲಿಲ್ಲ.

ವತ್ಸಲಕ್ಕ ತಂಬೂರಿಯನ್ನು ಗೋಡೆಗೆ ಒರಗಿಸಿದರು. "ಒಂದು ಕತೆ ಹೇಳುತ್ತೇನೆ, ಕೇಳು" ಎಂದರು.

ಒಂದು ಊರಿನಲ್ಲಿ ಒಂದು ಸಂಗೀತ ಶಾಲೆ ಇತ್ತು. ಅಲ್ಲಿ ಹಾಡು ಕಲಿಸುತ್ತಿದ್ದವರು ತುಂಗಾಬಾಯಿ ಎಂಬ ಹಿರಿಯ ಗಾಯಕಿ. ಅವರ ಹೆಸರು ಕೇಳಿಯೇ ಮಕ್ಕಳು ಆ ಶಾಲೆಗೆ ಸೇರುತ್ತಿದ್ದರು. ಪ್ರತಿ ವರ್ಷ ಪಾಠ ಶುರುವಾಗುವ ದಿನ ತುಂಗಾಬಾಯಿ ಎಲ್ಲ ವಿದ್ಯಾರ್ಥಿಗಳನ್ನೂ ಎಲ್ಲ ಮಾಸ್ತರರನ್ನೂ ಒಟ್ಟಿಗೆ ಕೂರಿಸಿ ಒಂದು ಮಾತು ಹೇಳುತ್ತಿದ್ದರು.

"ಇಲ್ಲಿ ಯಾರ ಕೈಯಿಂದಾಗಲಿ ಮಾತಿನಿಂದಾಗಲಿ ನಿಮಗೆ ಹಿಂಸೆಯಾದರೆ ನನ್ನ ಮನೆಗೆ ಬನ್ನಿ. ನೀವು ಹೇಳಿದ್ದು ನನ್ನಲ್ಲೇ ಇರುತ್ತದೆ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆಯವರನ್ನು ಕರೆಯುತ್ತೇನೆ. ಅದನ್ನೂ ನಿಮಗೆ ಹೇಳಿಯೇ ಮಾಡುತ್ತೇನೆ."

ಮಾಸ್ತರರಿಗೆ ಇದು ಮುಜುಗರ. ಸರಸ್ವತಿಯ ಮುಂದೆ ಇಂಥ ಮಾತು ಏಕೆ ಎಂದು ಗೊಣಗುತ್ತಿದ್ದರು. ತುಂಗಾಬಾಯಿ ಮರುವರ್ಷವೂ ಅದನ್ನೇ ಹೇಳುತ್ತಿದ್ದರು.

ಒಂದು ವರ್ಷ ತಬಲಾ ಕಲಿಯುತ್ತಿದ್ದ ಹುಡುಗಿಯೊಬ್ಬಳು ಅವರ ಮನೆಗೆ ಬಂದಳು. ಕಾಲೇಜು ಮುಗಿಸಿದ ಹುಡುಗಿ. ಬಂದವಳು ಗೋಡೆಗೆ ಒರಗಿ ಕೂತಳು. ತುಂಗಾಬಾಯಿ ಏನನ್ನೂ ಕೇಳಲಿಲ್ಲ. ಅವರೆಕಾಯಿ ಬುಟ್ಟಿಯನ್ನು ನಡುವೆ ಇಟ್ಟರು. ಇಬ್ಬರೂ ಸುಲಿಯುತ್ತ ಕೂತರು. ಬುಟ್ಟಿ ಖಾಲಿಯಾಗುತ್ತ ಬಂದಾಗ ಹುಡುಗಿ ಹೇಳತೊಡಗಿದಳು. ತಬಲಾ ಮಾಸ್ತರ ಉಳಿದವರನ್ನು ಕಳಿಸಿ ಅವಳೊಬ್ಬಳನ್ನೇ ನಿಲ್ಲಿಸಿಕೊಳ್ಳುತ್ತಿದ್ದ. ಬಾಗಿಲು ಹಾಕುತ್ತಿದ್ದ. ಕೈ ತಿದ್ದುವ ನೆವದಲ್ಲಿ ಮೈ ಮುಟ್ಟುತ್ತಿದ್ದ. ಬಾಯಿಬಿಟ್ಟರೆ ಯಾವ ವೇದಿಕೆಗೂ ಹತ್ತಲು ಬಿಡುವುದಿಲ್ಲ ಎಂದು ಹೆದರಿಸಿದ್ದ.

"ಯಾರಿಗೂ ಹೇಳಬೇಡಿ" ಎಂದಳು ಹುಡುಗಿ.

"ಹೇಳುವುದಿಲ್ಲ. ತಪ್ಪು ನಿನ್ನದಲ್ಲ. ಈಗ ನಿನಗೆ ಏನಾಗಬೇಕು, ಅದನ್ನು ಹೇಳು."

ಆ ಪ್ರಶ್ನೆಯನ್ನು ಹುಡುಗಿ ನಿರೀಕ್ಷಿಸಿರಲಿಲ್ಲ. "ನನಗೆ ತಬಲಾ ಬಿಡಲು ಮನಸ್ಸಿಲ್ಲ. ಅವನ ಜೊತೆ ಒಬ್ಬಳೇ ಇರುವುದು ಮಾತ್ರ ಬೇಡ" ಎಂದಳು.

ಮರುದಿನ ತುಂಗಾಬಾಯಿ ಒಂದು ಚಾಪೆ ಸುತ್ತಿಕೊಂಡು ತಬಲಾ ಪಾಠದ ಕೋಣೆಗೆ ಹೋಗಿ ಹುಡುಗಿಯರ ಸಾಲಿನಲ್ಲಿ ಕೂತರು. "ಮಾಸ್ತರೇ, ನನಗೂ ಕಲಿಸಿ" ಎಂದರು.

ಮಾಸ್ತರ ತಬ್ಬಿಬ್ಬಾದ. "ಈ ವಯಸ್ಸಿನಲ್ಲಿ ಏಕೆ ಬಾಯಿ?"

"ವಯಸ್ಸಾಗಿರುವುದು ಬೆರಳಿಗೆ. ಆಸೆಗೆ ಇನ್ನೂ ಆಗಿಲ್ಲ."

ಅಷ್ಟು ದೊಡ್ಡ ಗಾಯಕಿಯನ್ನು ಹೊರಗೆ ಹೋಗಿ ಎನ್ನಲು ಅವನಿಗೆ ಧೈರ್ಯ ಸಾಲಲಿಲ್ಲ. ಅಂದಿನಿಂದ ಅವರು ಎಲ್ಲರಿಗಿಂತ ಮೊದಲು ಬರುತ್ತಿದ್ದರು, ಎಲ್ಲರೂ ಹೋದ ಮೇಲೆ ಹೋಗುತ್ತಿದ್ದರು. ಸೆಕೆ ಎಂದು ಬಾಗಿಲು, ಕಿಟಕಿ ತೆಗೆಸಿದರು. ಅವರು ತಬಲಾ ಬಾರಿಸಿದರೆ ಪಕ್ಕದ ಮನೆಯಲ್ಲಿ ರೊಟ್ಟಿ ಬಡಿದ ಹಾಗೆ ಕೇಳುತ್ತಿತ್ತು. ಹುಡುಗಿಯರು ನಗು ತಡೆಯಲಾರದೆ ಬಿದ್ದು ಬಿದ್ದು ನಗುತ್ತಿದ್ದರು. ಅವರಿಗಿಂತ ಜೋರಾಗಿ ತುಂಗಾಬಾಯಿಯೇ ನಗುತ್ತಿದ್ದರು. ತುಂಗಾಬಾಯಿಯೇ ಕಲಿಯುವಾಗ ನಾವೇಕೆ ಕಲಿಯಬಾರದು ಎಂದು ಹುಡುಗಿಯರ ತಾಯಂದಿರು, ಅತ್ತಿಗೆಯರು ಬಂದು ಸೇರಿಕೊಂಡರು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಯಾರಿಗಾಗಿ ಇದೆಲ್ಲ ಎಂಬುದು ಒಬ್ಬರಿಗೂ ಗೊತ್ತಾಗಲಿಲ್ಲ.

ಶಾಲೆಯ ಅಧ್ಯಕ್ಷರು ನೀಲಕಂಠರಾಯರು. ಅವರಿಗೆ ಅನುಮಾನ ಬಂತು. ತುಂಗಾಬಾಯಿಯನ್ನು ಕರೆಸಿದರು.

"ಬಾಯಿಯವರೇ, ಯಾವುದೋ ಹುಡುಗಿ ನಿಮ್ಮ ಹತ್ತಿರ ಏನೋ ಹೇಳಿದ್ದಾಳೆ. ಯಾರು ಅಂತ ಹೇಳಿ. ಅವಳನ್ನೂ ಮಾಸ್ತರನನ್ನೂ ಎದುರುಬದುರು ಕೂರಿಸಿ ಇವತ್ತೇ ಬಗೆಹರಿಸುತ್ತೇನೆ."

"ಯಾರಾದರೂ ಬಂದಿದ್ದರೂ ಹೆಸರು ನಿಮಗೆ ಸಿಗುವುದಿಲ್ಲ ರಾಯರೇ. ಆದರೆ ಹೆಸರಿಲ್ಲದೆಯೂ ನೀವು ಮಾಡಬೇಕಾದ ಕೆಲಸ ಇದೆ. ಯಾವ ಮಾಸ್ತರರೂ ಬಾಗಿಲು ಹಾಕಿ ಪಾಠ ಹೇಳಬಾರದು ಎಂದು ಆಜ್ಞೆ ಮಾಡಿ. ಯಾರಿಗಾದರೂ ದೂರು ಹೇಳಬೇಕು ಅನ್ನಿಸಿದರೆ ಕೇಳಲು ಶಾಲೆಗೆ ಸಂಬಂಧವಿಲ್ಲದ ಹೊರಗಿನವರನ್ನು ನೇಮಿಸಿ. ಹೇಳಿದವರ ಹೆಸರು ದೂರು ಕೇಳುವ ಕೋಣೆಯಿಂದ ಹೊರಗೆ ಬರಬಾರದು."

"ಶಾಲೆಯ ಮರ್ಯಾದೆ ಏನಾದೀತು?"

"ಇದನ್ನು ಮಾಡದಿದ್ದರೆ ಈ ವರ್ಷದ ಉತ್ಸವದಲ್ಲಿ ನಾನು ಹಾಡುವುದಿಲ್ಲ. ಏಕೆ ಹಾಡಲಿಲ್ಲ ಎಂದು ಜನ ನಿಮ್ಮನ್ನೇ ಕೇಳಲಿ."

ರಾಯರು ಸಿಟ್ಟಾದರು. ನಾಲ್ಕು ದಿನ ಮಾತು ಬಿಟ್ಟರು. ಕೊನೆಗೆ ಆಜ್ಞೆ ಹೊರಟಿತು. ಬೇರೆ ಊರಿನ ಒಬ್ಬ ವಕೀಲೆಯೂ ಒಬ್ಬ ವೈದ್ಯೆಯೂ ದೂರು ಕೇಳಲು ಬಂದರು.

ಆಗ ಹುಡುಗಿ ಮತ್ತೆ ತುಂಗಾಬಾಯಿಯ ಮನೆಗೆ ಬಂದಳು. ಈ ಸಲ ನಿಂತೇ ಮಾತಾಡಿದಳು.

"ಈಗ ಹೇಳುತ್ತೇನೆ. ನೀವು ಪಕ್ಕದಲ್ಲಿ ಕೂತಿದ್ದರೆ ಸಾಕು."

ಅವಳು ವಕೀಲೆ, ವೈದ್ಯೆಯರ ಮುಂದೆ ಎಲ್ಲವನ್ನೂ ಹೇಳಿದಳು. ತುಂಗಾಬಾಯಿ ಪಕ್ಕದಲ್ಲಿ ಕೂತರು, ನಡುವೆ ಬಾಯಿ ಹಾಕಲಿಲ್ಲ. ಅದೇ ವಾರ ಇನ್ನೊಬ್ಬಳು ತಾನಾಗಿಯೇ ಬಂದು ತನ್ನ ಕತೆ ಹೇಳಿದಳು. ಇಬ್ಬರಲ್ಲಿ ಒಬ್ಬಳು ಪೊಲೀಸರಿಗೂ ದೂರು ಕೊಡುತ್ತೇನೆ ಎಂದಳು. ತುಂಗಾಬಾಯಿ ಅವಳ ಜೊತೆ ಠಾಣೆಗೆ ಹೋದರು. ಇನ್ನೊಬ್ಬಳು ಪೊಲೀಸರು ಬೇಡ ಎಂದಳು. ತುಂಗಾಬಾಯಿ ಅವಳನ್ನು ಒತ್ತಾಯಿಸಲಿಲ್ಲ. ಮಾಸ್ತರನನ್ನು ಶಾಲೆಯಿಂದ ತೆಗೆದರು. ಊರಿನ ಜನ ಯಾರು ಯಾರು ಎಂದು ಬಹಳ ದಿನ ಕೇಳಿದರು. ಉತ್ತರ ಸಿಗಲಿಲ್ಲ. ಆಮೇಲೆ ಕೇಳುವುದನ್ನು ಬಿಟ್ಟರು.

ಹೊಸ ಮಾಸ್ತರರು ಬಂದರು. ಅವರು ಬಂದ ದಿನ ತುಂಗಾಬಾಯಿ ವರ್ಷದ ಮೊದಲ ದಿನದ ತಮ್ಮ ಮಾತನ್ನು ಮತ್ತೊಮ್ಮೆ ಹೇಳಿದರು. ಅದನ್ನು ಕೇಳಿ ಹೊಸ ಮಾಸ್ತರರು, "ಇದನ್ನು ನನ್ನ ಗುರುಗಳ ಕಾಲದಲ್ಲೇ ಯಾರಾದರೂ ಹೇಳಬೇಕಿತ್ತು" ಎಂದರು.

ಆ ವರ್ಷದ ಉತ್ಸವದಲ್ಲಿ ತುಂಗಾಬಾಯಿ ಹಾಡಿದರು. ತಬಲಾ ತರಗತಿಯ ಹುಡುಗಿಯರೆಲ್ಲ ಸರದಿಯ ಮೇಲೆ ಅವರಿಗೆ ಸಾಥ್ ಕೊಟ್ಟರು. ಒಬ್ಬೊಬ್ಬಳು ಬಾರಿಸಿ ಮುಗಿಸಿದಾಗಲೂ ಸಭೆ ಚಪ್ಪಾಳೆ ತಟ್ಟಿತು. ಕೊನೆಗೆ ತುಂಗಾಬಾಯಿ, "ನಾನೂ ಕೆಲವು ತಿಂಗಳು ಕಲಿತಿದ್ದೇನೆ" ಎಂದು ತಾವೇ ತಬಲಾ ಎಳೆದುಕೊಂಡರು. ಎರಡು ಕಡೆ ತಾಳ ತಪ್ಪಿತು. ವೇದಿಕೆಯ ಮೇಲಿದ್ದ ಹುಡುಗಿಯರು ನಕ್ಕರು, ಸಭೆ ನಕ್ಕಿತು, ಮುಂದಿನ ಸಾಲಿನಲ್ಲಿದ್ದ ನೀಲಕಂಠರಾಯರೂ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಅಷ್ಟು ಸಂತೋಷದ ಉತ್ಸವವನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

ಕತೆ ಮುಗಿಯಿತು. ಕಸ್ತೂರಿಯ ಮುಖ ಅರಳಿತ್ತು. ಗೆಳತಿಯನ್ನು ಏನು ಕೇಳಬೇಕು ಎಂಬುದು ಅವಳಿಗೆ ಈಗ ತಿಳಿದಿತ್ತು. ಎದ್ದು ನಮಸ್ಕಾರ ಮಾಡಿದಳು. ಬಾಗಿಲವರೆಗೆ ಹೋದವಳು ಕುತೂಹಲ ತಡೆಯಲಾರದೆ ತಿರುಗಿದಳು.

"ಅಕ್ಕಾ, ಆ ಹುಡುಗಿ ಯಾರು?"

ವತ್ಸಲಕ್ಕ ನಕ್ಕರು.

"ಅದನ್ನು ಹೇಳಿಬಿಡುವವಳು ನಾನಾಗಿದ್ದರೆ, ನೀನು ಇವತ್ತು ನನ್ನ ಹತ್ತಿರ ಬರುತ್ತಿದ್ದೆಯಾ?"