ಮೂರು ರಾಜ್ಯ ಕೂಡುವ ಕಲ್ಲು

ಹೊಳೆದಂಡೆಯ ಮಠದಲ್ಲಿ ಚೆನ್ನಮಲ್ಲ ಎಂಬ ಶಿಷ್ಯನಿದ್ದ. ಅವನಿಗೊಂದು ಹುಚ್ಚು. ಮೂರು ರಾಜ್ಯಗಳ ಗಡಿ ಒಂದೆಡೆ ಕೂಡುವ ಜಾಗಗಳನ್ನು ಹುಡುಕಿಕೊಂಡು ಹೋಗುವುದು. ಅಂಥ ಹುಚ್ಚಿನವರ ಒಂದು ಬಳಗವೇ ಇತ್ತು. ಮಠದಿಂದ ಎರಡು ಹರದಾರಿ ದೂರದ ಗಡಿಕಲ್ಲನ್ನು ಮೊದಲು ಕಂಡುಹಿಡಿದವನು ತಾನೇ ಎಂದು ಅವನು ಬೀಗುತ್ತಿದ್ದ.

"ಊರು ಸುತ್ತೂದು ಸಾಕಾತು ಅಂತ ಮಠಕ್ಕ ಬಂದಿ. ಮಠಕ್ಕ ಬಂದು ಮತ್ತ ಊರ ಸುತ್ತಾಕ ಹತ್ತಿ," ಎಂದು ಗುರುಗಳಾದ ನಿರ್ವಾಣಜ್ಜ ಕೆಣಕಿದರು. "ಅಲ್ಲೇನೈತೋ?"

"ಒಂದು ಕಲ್ಲರಿ ಅಜ್ಜಾರ. ಅದರ ಸುತ್ತ ಒಂದ್ ಸುತ್ತು ಹಾಕಿದ್ರ ಮೂರು ರಾಜ್ಯ ತಿರುಗಿ ಬಂದಂಗ. ಬರೂ ಐತವಾರ ನಮ್ಮ ಬಳಗದವರು ನಲವತ್ತು ಮಂದಿ ಬರಾಕತ್ತಾರ."

"ನಡಿ, ನಾನೂ ನೋಡತೀನಿ."

ಬಯಲಿನ ನಡುವೆ ಸುಣ್ಣ ಬಳಿದ, ಮೊಣಕಾಲೆತ್ತರದ ಕಲ್ಲು. ಚೆನ್ನಮಲ್ಲ ಬಳಗದ ಪದ್ಧತಿಯಂತೆ ಮೂರು ರಾಜ್ಯಗಳ ಹೆಸರು ಹೇಳುತ್ತ ಮೂರು ಸುತ್ತು ಬಂದ. ಆಮೇಲೆ ಕಲ್ಲಿನ ಮೇಲೆ ಕೂತು ಫೋಟೊ ತೆಗೆದುಕೊಂಡ.

ಪಕ್ಕದ ಗುಡಿಸಲಿನಿಂದ ಮುದುಕಿಯೊಬ್ಬಳು ಮಜ್ಜಿಗೆಯ ತಂಬಿಗೆ ಹಿಡಿದು ಬಂದಳು. ಬಂದಾಗಲೆಲ್ಲ ಅವನು ಆಕೆಯ ಮಜ್ಜಿಗೆ ಕುಡಿದಿದ್ದ. ಬಿಸಿಲಲ್ಲಿ ಬಂದವರಿಗೆ ಕೊಡುವುದು ಆ ಕಡೆಯ ರೂಢಿ ಎಂದುಕೊಂಡಿದ್ದ.

"ತಾಯಿ, ಬಂದಬಂದವರಿಗೆಲ್ಲ ಮಜ್ಜಿಗಿ ಕೊಡತೀಯಲ್ಲ, ಯಾಕ?" ಅಜ್ಜ ಕೇಳಿದರು.

"ಎಲ್ಲೆಲ್ಲಿಂದಲೋ ನನ್ನ ಮಗಳನ್ನ ನೋಡಾಕ ಬರತಾರ್ರಿ ಅಜ್ಜಾರ. ಹಂಗ ಹೆಂಗ ಕಳಿಸ್ಲಿ?"

"ಮಗಳು?" ಚೆನ್ನಮಲ್ಲ ಸುತ್ತ ನೋಡಿದ.

ಮುದುಕಿ ಅವನು ಕೂತಿದ್ದ ಕಲ್ಲು ತೋರಿಸಿದಳು. "ಇಲ್ಲೇ ಮಲಗಿಸೀವಿ. ನಾಕು ವರ್ಷದಾಕಿ. ಜ್ವರ ಬಂದು ಮೂರ ದಿನದಾಗ ಹೋದ್ಲು. ಮೂವತ್ತೈದು ವರ್ಷ ಯಾರೂ ಹಣಿಕಿ ಹಾಕಿರಲಿಲ್ಲ. ಈಗೆರಡು ವರ್ಷದಿಂದ ಮಂದಿ ಬಂದು ಸುತ್ತು ಹಾಕತಾರ, ದೇವರಿಗೆ ಹಾಕಿದಂಗ."

ಚೆನ್ನಮಲ್ಲ ಕೆಂಡ ತುಳಿದವನಂತೆ ಜಿಗಿದೆದ್ದ.

"ಕುಂದರಪ್ಪ, ಕುಂದರು. ಮನಿಗೆ ಯಾರ ಬಂದ್ರೂ ಆಕಿ ಅವರ ತೊಡಿ ಹತ್ತಿ ಕುಂದರತಿದ್ಲು. ಈಗ ನೀವು ಆಕಿ ಮ್ಯಾಲ ಕುಂದರತೀರಿ. ಆಕಿಗೆ ಖುಷೀನ."

ತಂಬಿಗೆಯನ್ನು ಅವನ ಕೈಗೆ ಕೊಟ್ಟು ಮುದುಕಿ ಒಳಗೆ ಹೋದಳು.  ತಂಬಿಗೆ ಅವನ ಕೈಜಾರಿ ಬಿತ್ತು.

ಗಡಿ ಕೂಡುವ ಜಾಗವನ್ನು ಫೋನಿನ ನಕಾಶೆ ಹತ್ತಿಪ್ಪತ್ತು ಹೆಜ್ಜೆ ಅತ್ತಿತ್ತ ತೋರಿಸುವುದುಂಟು. ಎರಡು ವರ್ಷದ ಹಿಂದೆ ಅವನು ಸುಣ್ಣದ ಕಲ್ಲು ಕಂಡೊಡನೆ ಇದೇ ಎಂದು ನಂಬಿ ಬಳಗಕ್ಕೆಲ್ಲ ಸಾರಿದ್ದ. ಈಗ ಹತ್ತಿರದ ಜಾಲಿಯ ಪೊದೆಯನ್ನು ಸರಿಸಿ ನೋಡಿದರೆ, ಮೂರು ರಾಜ್ಯಗಳ ಹೆಸರು ಕೆತ್ತಿದ ನಿಜವಾದ ಗಡಿಕಲ್ಲು ಅಲ್ಲಿ ಅಡ್ಡಬಿದ್ದಿತ್ತು.

"ಏನ್ ಮಾಡಿಬಿಟ್ಟೆ ಅಜ್ಜಾರ! ಕೂಸಿನ ಗೋರಿ ಮ್ಯಾಲ ಕುಂತೀನಿ. ನೂರಾರು ಮಂದೀನ ಕುಂದರಿಸೀನಿ. ಈಗಲೇ ಆಕಿ ಕಾಲಿಗೆ ಬಿದ್ದು ಖರೇ ಹೇಳಿಬಿಡತೀನಿ."

"ಹೇಳಿದ್ರ?"

"ನನ್ನ ಎದಿ ಹಗುರಾಗತೈತಿ."

"ನಿನ್ನ ಹೊರಿ ಇಳಸಾಕ ಆಕಿ ತಲೀನ ಸಿಕ್ತೇನ?"

ಗುಡಿಸಲಿನತ್ತ ಎತ್ತಿದ ಹೆಜ್ಜೆಯನ್ನು ಚೆನ್ನಮಲ್ಲ ಹಿಂದೆಗೆದ. ಬಳಗಕ್ಕೆ ತಪ್ಪು ತಿಳಿಸಿದರೆ ಇನ್ನು ಈ ಕಲ್ಲಿನ ಕಡೆ ಯಾರೂ ಸುಳಿಯುವುದಿಲ್ಲ, ಮುದುಕಿ ತಂಬಿಗೆ ಹಿಡಿದು ದಾರಿ ಕಾಯುತ್ತಾಳೆ. ತಿಳಿಸದಿದ್ದರೆ ನಲವತ್ತು ಮಂದಿ ಬಂದು ಮಗುವಿನ ಮೇಲೆ ಕೂರುತ್ತಾರೆ. ಅತ್ತ ದರಿ, ಇತ್ತ ಪುಲಿ.

"ನಾವ್ಯಾರೂ ಆ ಕೂಸನ್ನ ನೋಡಾಕ ಬಂದವರಲ್ಲ ಅಜ್ಜಾರ!" ಅವನು ಅತ್ತೇಬಿಟ್ಟ. "ಆಕಿ ನಂಬಿದ್ದೆಲ್ಲ ಸುಳ್ಳು. ನಾನೀಗ ಏನ್ ಮಾಡ್ಲಿ?"

ಅಜ್ಜ ಬಿದ್ದಿದ್ದ ತಂಬಿಗೆಯನ್ನು ಎತ್ತಿ, ಮಣ್ಣು ಒರೆಸಿ, ಅವನ ಕೈಗಿಟ್ಟರು.

"ಐತವಾರ ಬರೂ ನಲವತ್ತು ಮಂದಿ ಕೂಸನ್ನ ನೋಡಾಕನ ಬರಲಿ. ಹೋಗು, ಕೂಸಿನ ಹೆಸರು ಕೇಳ್ಕೊಂಡು ಬಾ."