ಟೀವಿಯ ಹಿಂದಿನ ಹಲ್ಲಿ

ಹಲ್ಲಿ ಲೊಚಗುಟ್ಟಿತೆಂದರೆ ಆಡಿದ ಮಾತು ನಿಜ. ಆ ಮರ್ಯಾದೆ ಉಳಿಸಿಕೊಂಡು ಬಂದ ಹಲ್ಲಿಯೊಂದು ಟೀವಿಯ ಹಿಂದೆ ವಾಸವಾಗಿತ್ತು.

“ನನ್ನಿಂದಲೇ ಈ ಮನೆಯ ಹುಡುಗಿ ಜಾಣೆಯಾದಳು. ಎಲ್ಲಿ, ಲೊಚಗುಟ್ಟು,” ಎಂದಿತು ಟೀವಿ.

“ನೋಡದೆ ಲೊಚಗುಟ್ಟುವ ರೂಢಿ ನಮ್ಮ ವಂಶದಲ್ಲಿಲ್ಲ,” ಎಂದು ಹಲ್ಲಿ ಇಣುಕಿತು.

ತೆರೆಯ ಮೇಲೆ ಬೊಂಬೆ ಆನೆ ಮಕ್ಕಳಿಗೆ ಇರುವೆಗಳ ಪಾಠ ಹೇಳುತ್ತಿತ್ತು. ಎದುರಿಗೆ ಚೆನ್ನವೀರ, ಅವನ ಹೆಂಡತಿ ಗಂಗಾಂಬಿಕೆ ಬಾಯಿ ಬಿಟ್ಟುಕೊಂಡು ಕೂತಿದ್ದರು. ಮಗಳು ಅಂಗಳದಿಂದ ಓಡಿಬಂದಳು.

“ಅಪ್ಪಾ, ಇರುವೆಗಳು ಜಿರಳೆ ಹೊತ್ಕೊಂಡು ಹೋಗ್ತಿವೆ, ಬಾ.”

“ಸುಮ್ನಿರು ಪುಟ್ಟಿ, ನಿನಗೋಸ್ಕರಾನೇ ಇರುವೆ ಪಾಠ ನೋಡ್ತಿದೀನಿ.”

ಹಲ್ಲಿ ತುಟಿ ಪಿಟಕ್ಕೆನ್ನಲಿಲ್ಲ.

“ಅವಳಿಗೆ ಇದೆಲ್ಲ ಗೊತ್ತು ಕಣ್ರೀ, ಗೊತ್ತಿಲ್ದೆ ಇರೋದು ನಮಗೇ. ಸೌಂಡು ಜಾಸ್ತಿ ಮಾಡಿ,” ಎಂದಳು ಗಂಗಾಂಬಿಕೆ.

ಹಲ್ಲಿ ಗೋಡೆ ಅದುರುವಂತೆ ಲೊಚಗುಟ್ಟಿತು.