ನೀರಿಲ್ಲರಿ, ಶ್ರಾವಣದಾಗ ಬರ್ರಿ

ನಗುವವರು ನಗಲಿ, ಇದು ಕಾಶವ್ವನ ಮಗ ಅಡಿವೆಪ್ಪನ ಕತೆ. ಊರ ಹೊರಗೆ, ಹೊಳೆ ಬಂಡೆಯ ಮೇಲಿಂದ ಧುಮುಕುವ ಕಡೆ, ಕಾಶವ್ವನ ಚಹಾದಂಗಡಿ, ಅದರ ಬೆನ್ನಿಗೇ ಮನೆ ಇತ್ತು. ಜಲಪಾತ ನೋಡಲು ಬಂದವರಿಗೆ ಚಹಾ, ಮಿರ್ಚಿ, ಗಿರಮಿಟ್ಟು ಮಾಡಿಕೊಟ್ಟು ಗಂಡನಿಲ್ಲದ ಮನೆ ನಡೆಸುತ್ತಿದ್ದಳು. ಮಗನಿಗೆ ಇಪ್ಪತ್ತನಾಲ್ಕು. ಎತ್ತಿನಂಥ ಮೈ, ಬೆಣ್ಣೆಯಂಥ ಮನಸು. ತಲೆಯದೊಂದೇ ತೊಂದರೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆಯಿಲ್ಲ. ಹೇಳಿ ಹೇಳಿ ಅವ್ವನ ನಾಲಗೆ ಸವೆದಿತ್ತು.

ಒಂದು ಬೇಸಗೆ. ಹೊಳೆ ಬತ್ತಿ, ಜಲಪಾತವಿದ್ದಲ್ಲಿ ಬರೀ ಕರೀ ಬಂಡೆ. ದೂರದಿಂದ ಕಾರು ಮಾಡಿಕೊಂಡು ಬಂದವರು ಬಂಡೆ ನೋಡಿ ಕಾಶವ್ವನನ್ನೇ ಬೈದು ಹೋಗುತ್ತಿದ್ದರು, ನೀರನ್ನು ಅವಳೇ ಬಚ್ಚಿಟ್ಟ ಹಾಗೆ. ಅವತ್ತು ಕಡಲೆಹಿಟ್ಟು ತರಲು ಸಂತೆಗೆ ಹೊರಟವಳು ಮಗನಿಗೆ ಹೇಳಿದಳು: "ಯಾರ ಬರಲಿ, ನೀರಿಲ್ಲರಿ, ಶ್ರಾವಣದಾಗ ಬರ್ರಿ ಅನ್ನು."

"ಹೂಂ ಯವ್ವಾ" ಅಂದ.

ಮಟಮಟ ಮಧ್ಯಾಹ್ನ ಊರಿನ ಹಳೇ ಮಾಸ್ತರರು ಗದಿಗೆಪ್ಪನವರು ಬಸ್ಸಿಳಿದು ಬಂದರು. ಗಂಟಲು ಒಣಗಿತ್ತು. ಒಂದು ತಂಬಿಗೆ ನೀರು ಕೊಡಪ್ಪಾ ಅಂದರು.

"ನೀರಿಲ್ಲರಿ, ಶ್ರಾವಣದಾಗ ಬರ್ರಿ."

ಅವನ ಬೆನ್ನ ಹಿಂದೆ ಎರಡು ಕೊಡ ತುಂಬಿ ತೊಟ್ಟಿಕ್ಕುತ್ತಿದ್ದವು. ಮಾಸ್ತರರು ಕೊಡ ನೋಡಿದರು, ಅವನ ಮುಖ ನೋಡಿದರು, ಅಲ್ಲೀತನಕ ಜೀವ ಹಿಡಕೊಂಡಿರತೇನಿ ಬಿಡಪ್ಪಾ ಅಂತ ಹೋದರು.

ಸಂಜೆಗೆ ಊರೆಲ್ಲ ಅದೇ ಮಾತು. ಕಾಶವ್ವ ಮಜ್ಜಿಗೆ ಹೊತ್ತು ಮಾಸ್ತರರ ಮನೆಗೆ ಹೋಗಿ ತಪ್ಪಾಯಿತು ಅಂದು ಬಂದಳು. ಮಗನಿಗೆ ಬೈದಳು, ಬೈದು ಬೈದು ದಣಿದ ಮೇಲೆ ಬುದ್ಧಿ ಹೇಳಿದಳು: "ನೀರು ಅಂತ ಬಾಯಿ ತೆಗದವರ ಕೈಗೆ ಮೊದಲು ತಂಬಿಗಿ ಕೊಡು. ಉಳಿದ ಮಾತು ಆಮ್ಯಾಲ."

"ಹೂಂ ಯವ್ವಾ" ಅಂದ.

ಶ್ರಾವಣ ಬಂತು. ಹೊಳೆ ದಂಡೆಯಿಂದ ದಂಡೆಗೆ ಕೆಂಪಗೆ ತುಂಬಿತು. ಒಂದು ಟೆಂಪೋ ತುಂಬ ಜನ ಬಂದಿಳಿದು, ನೀರು ಹ್ಯಾಂಗೈತಿ ತಮ್ಮಾ ಅಂತ ಕೇಳಿದರು. ಅಡಿವೆಪ್ಪ ತಂಬಿಗೆ ಕೊಟ್ಟ. ಈ ನೀರಲ್ಲಪ್ಪಾ ಅಂದರು. ಮತ್ತೆ ನೀರು ಅಂದರಲ್ಲ, ಮತ್ತೊಂದು ತಂಬಿಗೆ ಕೊಟ್ಟ. ಹನ್ನೊಂದು ಜನ. ದಾರಿಗೆ ಅಡ್ಡ ನಿಂತವನು ಎತ್ತಿನಂಥವನು. ಎಲ್ಲರೂ ಕುಡಿದರು. ಕುಡಿದು ಮುಗಿಸುವಷ್ಟರಲ್ಲಿ ಮಳೆ ಕವಿದು ಜಲಪಾತ ಮಂಜಿನೊಳಗೆ ಮುಚ್ಚಿಹೋಯಿತು. ಹೊಟ್ಟೆ ತುಂಬ ನೀರು ಕುಡಿದು, ಕಣ್ಣು ತುಂಬ ನೋಡದೆ ತಿರುಗಿ ಹೋದರು.

ಮತ್ತೆ ಬೈಗುಳ, ಮತ್ತೆ ಬುದ್ಧಿ. "ನೋಡಾಕ ಬಂದವರಿಗೆ ಮೊದಲು ತೋರಸಬೇಕೋ. ಕೈ ಹಿಡದು ನೀರ ಬೀಳೋ ಕಡೆ ಇರೋ ಕಟಕಟೆ ತನಕ ಕರಕೊಂಡು ಹೋಗು. ಸಾಕು ಅನ್ನೋ ಮಟ ನಿಂದರಸು."

"ಹೂಂ ಯವ್ವಾ" ಅಂದ.

ದೀಪಾವಳಿ ಕಳೆಯಿತು. ಆಕಾಶ ತೊಳೆದಿಟ್ಟ ಹಾಗಾಯಿತು, ಕೆಂಪು ನೀರು ಬೆಳ್ಳಗಾಯಿತು, ಬೆಳಗಿನ ಬಿಸಿಲಿಗೆ ಜಲಪಾತದ ಮುಂದೆ ಕಾಮನಬಿಲ್ಲು. ಅಂಥ ದಿನಗಳಲ್ಲೇ ಅಡಿವೆಪ್ಪನಿಗೆ ಒಂದು ಸಂಬಂಧ ಬಂತು. ಕಾಶವ್ವ ನಾಲ್ಕು ವರ್ಷದಿಂದ ಕಾದಿದ್ದ ಮಾತು. ಹುಡುಗಿಯ ತಂದೆ ಯಮನಪ್ಪ ತನ್ನ ತಂಗಿ ಬಾಳವ್ವನ ಜೊತೆ ಬಂದ. ಕಾಶವ್ವ ಒಳಗೆ ಉಪ್ಪಿಟ್ಟು ತಿರುವುತ್ತಿದ್ದಳು. ಮನಿ ನೋಡಾಕ ಬಂದೇವಪ್ಪಾ ಅಂದ ಯಮನಪ್ಪ.

ನೋಡಾಕ ಬಂದವರು! ಅಡಿವೆಪ್ಪ ಅವನ ಕೈ ಹಿಡಿದು ಕಟಕಟೆಗೆ ಒಯ್ದು ನಿಲ್ಲಿಸಿದ. ಚಳಿ, ಮೇಲೆ ಮೈತುಂಬ ತುಂತುರು. ಯಮನಪ್ಪ ಸಾಕು ಅಂದ. ಜಲಪಾತದ ಅಬ್ಬರದಲ್ಲಿ ಅಡಿವೆಪ್ಪನಿಗೆ ಕೇಳಿಸಲಿಲ್ಲ. ಸಾಕೋ ಯಪ್ಪಾ ಅಂತ ಕೂಗಿದ. ಕೇಳಿಸಲಿಲ್ಲ. ಕಾಶವ್ವ ಹೊರಗೆ ಬಂದಾಗ ಬೀಗನಾಗಬೇಕಾದವನು ತೊಯ್ದ ಕೋಳಿಯಾಗಿದ್ದ, ಮಗ ಇನ್ನೂ ಕೈ ಬಿಟ್ಟಿರಲಿಲ್ಲ.

ಸಂಬಂಧ ಹೊಳೆಪಾಲಾಯಿತು ಅಂದುಕೊಂಡಳು ಕಾಶವ್ವ. ಯಮನಪ್ಪನಿಗೆ ಕಂಬಳಿ ಹೊದಿಸಿ ಬಿಸಿ ಚಹಾ ಕೊಟ್ಟು, ಮಗನನ್ನು ಹಿತ್ತಲಿಗೆ ಎಳೆದಳು. ಹವೆಯ ಮಾತಾಡಿದರೆ ತಪ್ಪಿಗೆ ಜಾಗವಿಲ್ಲ ಅಂತ ಅವಳ ಎಣಿಕೆ. "ಏನ ಕೇಳಿದ್ರೂ, ದೀಪಾವಳಿಯಿಂದ ಶಿವರಾತ್ರಿ ಮಟ ಭಾಳ ಚಲೋ ಇರತೈತಿ ಅನ್ನು. ಬ್ಯಾರೆ ಬಾಯಿ ಬಿಡಬ್ಯಾಡ."

"ಹೂಂ ಯವ್ವಾ" ಅಂದ.

ಯಮನಪ್ಪ ಸೀನಿ, ಮೂಗು ಒರೆಸಿಕೊಂಡು, ಹೆಣ್ಣು ಹೆತ್ತವನು ಕೇಳಬೇಕಾದ್ದನ್ನೇ ಕೇಳಿದ: "ನನ್ನ ಮಗಳನ್ನ ಚಲೋತಂಗ ನೋಡಿಕೋತಿಯೇನಪ್ಪಾ?"

"ದೀಪಾವಳಿಯಿಂದ ಶಿವರಾತ್ರಿ ಮಟ ಭಾಳ ಚಲೋ ಇರತೈತ್ರಿ."

ಕಾಶವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೊದಲು ನಕ್ಕವಳು ಬಾಳವ್ವ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಮುಗಸಿಬಿಡಣ್ಣಾ. ನಮ್ಮನಿಯವರು ಜೀವ ಇರೋತನಕ ಅಂತ ಮಾತ ಕೊಟ್ಟು ನಾಕ ದಿನ ನೋಡಲಿಲ್ಲ. ಇವ ನಾಕ ತಿಂಗಳ ಅಂದಾನ, ಅಂದಂಗ ನೋಡತಾನ."

ಮಾಘ ಹುಟ್ಟುತ್ತಲೇ ಮದುವೆಯಾಯಿತು. ಸೊಸೆ ನಿಂಬೆವ್ವ ಬಂದಳು. ಅಡಿವೆಪ್ಪ ಅವಳ ಹಿಂದೆ ಮುಂದೆ ಸುಳಿದಾಡುತ್ತ, ಮೊದಲ ಮಿರ್ಚಿ ಅವಳಿಗೇ ಕೊಟ್ಟು, ಕಾಮನಬಿಲ್ಲು ಮೂಡಿದಾಗೆಲ್ಲ ಕರೆದು ತೋರಿಸಿ, ಕಣ್ಣಿನ ರೆಪ್ಪೆಯಂತೆ ನೋಡಿಕೊಂಡ. ಶಿವರಾತ್ರಿ ಆಯಿತು. ಮರುದಿನ ಬೆಳಿಗ್ಗೆ ಅವಳ ಟ್ರಂಕು ತಲೆಯ ಮೇಲಿಟ್ಟುಕೊಂಡು ನಡಿ ಅಂದ. ತವರಿಗೆ ಕರಕೊಂಡು ಹೋಗತಾನೆ ಅಂತ ಅವಳೂ ಹೊಸ ಸೀರೆ ಉಟ್ಟು ಹೊರಟಳು. ಬಸ್ಸು ನಿಲ್ಲುವಲ್ಲಿ ಟ್ರಂಕು ಇಳಿಸಿದವನ ಕಣ್ಣು ತುಂಬಿತ್ತು. ಇನ್ನು ಬಿಸಿಲು, ಆಮೇಲೆ ಮಳೆ, ಚಲೋ ಇರೋ ದಿನ ಮುಗಿದವು, ದೀಪಾವಳಿಗೆ ತಪ್ಪದೆ ಬಾ ಅಂದ.

ನಿಂಬೆವ್ವ ಟ್ರಂಕಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಎದ್ದು ಅವನ ಕಣ್ಣು ಒರೆಸಿದಳು.

"ನಾ ನೋಡಾಕ ಬಂದಾಕಿ ಅಲ್ಲ, ಇರಾಕ ಬಂದಾಕಿ. ಹಿಂದಕ್ಕ ನಡಿ."

ಅಡಿವೆಪ್ಪನ ಮುಖ ಅರಳಿತು. ಟ್ರಂಕು ತಲೆಗೇರಿಸಿದ. ಮುಖ ಬಸ್ಸಿನ ದಾರಿಯ ಕಡೆಗೇ ಇಟ್ಟುಕೊಂಡು ಹಿಂದಕ್ಕೆ ಒಂದು ಹೆಜ್ಜೆ ಇಟ್ಟ, ಮತ್ತೊಂದು ಇಟ್ಟ. ನಿಂಬೆವ್ವ ಅವನ ಮೊಣಕೈ ಹಿಡಿದಳು. ಎಡಕ್ಕೆ ಗುಂಡಿ, ಬಲಕ್ಕೆ ಎಮ್ಮೆ, ಹಿಂದೆ ಕಲ್ಲು ಅಂತ ಹೇಳುತ್ತ, ನಗುತ್ತ ಊರೆಲ್ಲ ದಾಟಿಸಿದಳು. ಕಾಶವ್ವ ಅಂಗಡಿಯಿಂದ ನೋಡಿದಾಗ ಮೊದಲು ಕಂಡದ್ದು ಮಗನ ಬೆನ್ನು.

"ಹೊಸ್ತಿಲ ಬಂತು" ಅಂದಳು ನಿಂಬೆವ್ವ.

ಅಡಿವೆಪ್ಪ ಹಿಮ್ಮಡಿ ಎತ್ತಿ ದಾಟಿ, ಬೆನ್ನು ಮುಂದಾಗಿ ಮನೆಯೊಳಗೆ ಬಂದ.